ಪಂಪ್ ದೊಡ್ಡದಾದರೆ ಸಾಲದು, ಒತ್ತಡ ನಿಲ್ಲಬೇಕು

ಮಾಜ್ದಾ ಆರ್‌ಎಕ್ಸ್-7 ನಮ್ಮ ದೇಶದ ಷೋರೂಮುಗಳಿಗೆ ಬಂದ ಕಾರಲ್ಲ. ಆದರೂ ಈ ಸಲದ ಪತ್ರಗಳೆಲ್ಲ ಅದರ ಸುತ್ತಲೇ ಇವೆ. ಹೊರದೇಶಗಳಲ್ಲಿರುವ ಕನ್ನಡಿಗರು 1991ರಿಂದ 2002ರವರೆಗೆ ತಯಾರಾದ ‘ಎಫ್‌ಡಿ’ ಮಾದರಿಯನ್ನು ಹುಡುಕಿ ಕೊಳ್ಳುತ್ತಿದ್ದಾರೆ, ಕೊಂಡವರು ಎಂಜಿನ್ನಿನ ಶಕ್ತಿ ಹೆಚ್ಚಿಸಲು ಹೊರಟಿದ್ದಾರೆ. ಎಲ್ಲರ ಕೈಯೂ ಮೊದಲು ಹೋಗುವುದು ಫ್ಯೂಯಲ್ ಪಂಪಿಗೆ.

ಪ್ರಶ್ನೆ: ನಾನು ಆಟೊಮೊಬೈಲ್ ಡಿಪ್ಲೊಮಾ ವಿದ್ಯಾರ್ಥಿ. ರೋಟರಿ ಎಂಜಿನ್ ಬರೀ 1.3 ಲೀಟರಿನದು ಅನ್ನುತ್ತಾರೆ. ಹಾಗಾದರೆ ಅದು ಅಷ್ಟೊಂದು ಪೆಟ್ರೋಲ್ ಕುಡಿಯುವುದೇಕೆ?
– ಆರ್.ಬಿ., ದಾವಣಗೆರೆ

ಉತ್ತರ: 1.3 ಲೀಟರ್ ಅನ್ನುವ ಲೆಕ್ಕವೇ ಸ್ವಲ್ಪ ಮೋಸದ್ದು. ಆರ್‌ಎಕ್ಸ್-7ರ ರೋಟರಿ ಎಂಜಿನ್ನಾದ 13ಬಿಯಲ್ಲಿ ಎರಡು ರೋಟರ್, ತಲಾ 654 ಸಿಸಿ. ಶಾಫ್ಟ್ ಒಂದು ಸುತ್ತು ತಿರುಗಿದರೆ ಪ್ರತಿ ರೋಟರ್ ಒಂದು ಸಲ ಉರಿಯುತ್ತದೆ. ಫೋರ್‌ಸ್ಟ್ರೋಕ್ ಪಿಸ್ಟನ್ ಎಂಜಿನ್ನಿನಲ್ಲಿ ಒಂದು ಸಿಲಿಂಡರ್ ಉರಿಯಲು ಎರಡು ಸುತ್ತು ಬೇಕು. ಆದ್ದರಿಂದ ಉಸಿರಾಟದ ಮಟ್ಟಿಗೆ ಇದನ್ನು 2.6 ಲೀಟರಿನ ಎಂಜಿನ್ ಜೊತೆ ಹೋಲಿಸಬೇಕು.

ಇನ್ನು ದಹನಕೋಣೆ ಉದ್ದ, ಚಪ್ಪಟೆ. ಜೊತೆಗೆ ಅದು ಸ್ಥಳ ಬದಲಿಸುತ್ತಲೇ ಇರುತ್ತದೆ. ಶಾಖ ಗೋಡೆಗಳಿಗೆ ಸೋರುತ್ತದೆ, ಮೂಲೆಯ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ. ಟರ್ಬೊ ರೋಟರಿಯಲ್ಲಿ ಮತ್ತೊಂದು ಕಾರಣವೂ ಉಂಟು. ಬೂಸ್ಟ್ ಇದ್ದಾಗ ಗಾಳಿ–ಪೆಟ್ರೋಲ್ ಪ್ರಮಾಣವನ್ನು 14.7ರ ಬದಲು 11ರ ಆಸುಪಾಸಿನಲ್ಲಿ, ಅಂದರೆ ಬೇಕೆಂದೇ ‘ರಿಚ್’ ಇಡುತ್ತಾರೆ. ಮಿಶ್ರಣ ‘ಲೀನ್’ ಆಗಿ ನಾಕಿಂಗ್ ಶುರುವಾದರೆ ರೋಟರಿನ ತುದಿಯಲ್ಲಿರುವ ಏಪೆಕ್ಸ್ ಸೀಲ್ ಮುರಿಯುತ್ತದೆ. ಎಫ್‌ಡಿಯಲ್ಲಿ ಅದರ ದಪ್ಪ 2 ಮಿಲಿಮೀಟರ್. ಮುರಿದ ತುಂಡು ಎಗ್ಸಾಸ್ಟಿನಲ್ಲಿ ಹಾದು ಟರ್ಬೊ ಬ್ಲೇಡುಗಳನ್ನೂ ಕೆಡಿಸಬಹುದು. ಪಿಸ್ಟನ್ ಎಂಜಿನ್ ಕ್ಷಮಿಸಬಹುದಾದ ಸಣ್ಣ ಪೆಟ್ರೋಲ್ ಕೊರತೆಯನ್ನು ಇದು ಕ್ಷಮಿಸುವುದಿಲ್ಲ. ಮುಂದಿನ ಉತ್ತರಗಳನ್ನೆಲ್ಲ ಇದೇ ಹಿನ್ನೆಲೆಯಲ್ಲಿ ಓದಿಕೊಳ್ಳಿ.

ಪ್ರಶ್ನೆ: ಡೌನ್‌ಪೈಪ್, ಇಂಟರ್‌ಕೂಲರ್, ಹೊಸ ಇಸಿಯು ಹಾಕಿಸಿದ್ದೇನೆ. ಗುರಿ 400 ಎಚ್‌ಪಿ, ಬೂಸ್ಟ್ 1 ಬಾರ್. 255 ಲೀಟರಿನ ಪಂಪ್ ಸಾಕೇ, 450 ಲೀಟರಿನದೇ ಬೇಕೇ? ದೊಡ್ಡದು ಹಾಕಿದರೆ ಶಕ್ತಿ ಹೆಚ್ಚುತ್ತದೆಯೇ?
– ಎಸ್.ಕೆ., ಆಕ್ಲೆಂಡ್

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ಇಲ್ಲ. ಎಂಜಿನ್ನಿಗೆ ಎಷ್ಟು ಪೆಟ್ರೋಲ್ ಹೋಗಬೇಕೆಂದು ತೀರ್ಮಾನಿಸುವುದು ಇಸಿಯು, ಅದನ್ನು ಸಿಂಪಡಿಸುವುದು ಇಂಜೆಕ್ಟರ್. ಒತ್ತಡ ಬೀಳದಂತೆ ನೋಡಿಕೊಳ್ಳುವುದಷ್ಟೇ ಪಂಪಿನ ಕೆಲಸ. ಮಿಕ್ಕಿದ್ದು ರೆಗ್ಯುಲೇಟರ್ ಮೂಲಕ ಟ್ಯಾಂಕಿಗೆ ವಾಪಸ್.

ಈಗ ಲೆಕ್ಕ. ಟರ್ಬೊ ರೋಟರಿಗೆ ಒಂದು ಎಚ್‌ಪಿಗೆ ಗಂಟೆಗೆ ಸುಮಾರು 300 ಗ್ರಾಂ ಪೆಟ್ರೋಲ್ ಹಿಡಿಯಿರಿ. 400 ಎಚ್‌ಪಿಗೆ 120 ಕಿಲೊ, ಅಂದರೆ ಸುಮಾರು 162 ಲೀಟರ್. ಶೇ 20ರಷ್ಟು ಮೀಸಲು ಸೇರಿಸಿದರೆ ಗಂಟೆಗೆ 195 ಲೀಟರ್. ಇದು ಎಂಜಿನ್ನಿನ ಎಚ್‌ಪಿ. ನಿಮ್ಮ 400 ಡೈನೊದಲ್ಲಿ ಚಕ್ರದ ಬಳಿ ಅಳೆಯುವಂಥದ್ದಾದರೆ ಬೇಡಿಕೆ ಇನ್ನೂ ಏರುತ್ತದೆ.

ಈ 195 ಲೀಟರ್ ಯಾವ ಒತ್ತಡದಲ್ಲಿ ಬೇಕು ಅನ್ನುವುದೇ ಮುಖ್ಯ. ಬೇಸ್ ಒತ್ತಡ 3 ಬಾರ್ ಇಟ್ಟರೆ, 1 ಬಾರ್ ಬೂಸ್ಟಿಗೆ ರೆಗ್ಯುಲೇಟರ್ ಇನ್ನೊಂದು ಬಾರ್ ಏರಿಸುತ್ತದೆ. ಪಂಪ್ 4 ಬಾರಿಗೆ ಎದುರಾಗಿ ತಳ್ಳಬೇಕು. ಒತ್ತಡ ಏರಿದಷ್ಟೂ ಪಂಪಿನ ಹರಿವು ಇಳಿಯುತ್ತದೆ. ‘255’ ಅನ್ನುವುದು ಕಡಿಮೆ ಒತ್ತಡದ ಅಂಕಿ. ಆದ್ದರಿಂದ ಪೆಟ್ಟಿಗೆಯ ಮೇಲಿನ ಅಂಕಿ ಬಿಟ್ಟು ಕಂಪನಿಯ ಫ್ಲೋ ಚಾರ್ಟಿನಲ್ಲಿ 4 ಬಾರ್, 13.5 ವೋಲ್ಟಿನ ಸಾಲು ನೋಡಿ. 255ರ ಪಂಪ್ ನಿಮಗೆ ಹೊಂದುತ್ತದೆ, ಆದರೆ ಹೆಚ್ಚು ಮಿಗುವುದಿಲ್ಲ. 340 ಲೀಟರ್ ವರ್ಗದ್ದು ನಿಶ್ಚಿಂತೆ. 450ರ ಅಗತ್ಯ ಕಾಣುವುದಿಲ್ಲ.

ನಿಮ್ಮ ಪತ್ರದಲ್ಲಿ ಇಂಜೆಕ್ಟರಿನ ಮಾತೇ ಇಲ್ಲ. ಎಫ್‌ಡಿಯ ಮೂಲ ಇಂಜೆಕ್ಟರುಗಳು ನಿಮಿಷಕ್ಕೆ 550 ಸಿಸಿಯವು ಎರಡು, 850 ಸಿಸಿಯವು ಎರಡು. ಒಟ್ಟು 2,800 ಸಿಸಿ, ಗಂಟೆಗೆ 168 ಲೀಟರ್. ಶೇ 85ಕ್ಕಿಂತ ಹೆಚ್ಚು ತೆರೆದಿಡಬಾರದೆಂದು ಲೆಕ್ಕ ಹಾಕಿದರೆ 143 ಲೀಟರ್, ಅಂದರೆ 350 ಎಚ್‌ಪಿ ಆಸುಪಾಸು. ಯಾವ ಪಂಪ್ ಹಾಕಿದರೂ ನಿಮ್ಮ ಕಾರು ಅಲ್ಲೇ ನಿಲ್ಲುತ್ತದೆ. ಸೆಕೆಂಡರಿ, ಅಂದರೆ 850 ಸಿಸಿಯ ಇಂಜೆಕ್ಟರುಗಳನ್ನು ದೊಡ್ಡದು ಮಾಡಿಸಿಕೊಳ್ಳಿ.

ಪ್ರಶ್ನೆ: 450 ಲೀಟರಿನ ಪಂಪ್ ಹಾಕಿಸಿ, ಬ್ಯಾಟರಿಯಿಂದ ನೇರ ವೈರ್ ಎಳೆಸಿದೆ. ಅಂದಿನಿಂದ ಐಡ್ಲಿಂಗ್ ಸರಿಯಿಲ್ಲ, ಪೆಟ್ರೋಲ್ ವಾಸನೆ ಬೇರೆ. ಐಡ್ಲಿಂಗಿಗೆ ಇಸಿಯುನಲ್ಲಿ ಪೆಟ್ರೋಲ್ ಕಡಿಮೆ ಮಾಡಿದರೆ ಸರಿಹೋದೀತೇ?
– ವಿ.ಎನ್., ಸಿಡ್ನಿ

ಉತ್ತರ: ಬೇಡಿ. ಅದು ಕಾಯಿಲೆ ಮುಚ್ಚಿಡುವ ಕೆಲಸ.

ಎಫ್‌ಡಿಯಲ್ಲಿ ಕಾರ್ಖಾನೆಯಿಂದಲೇ ಒಂದು ಉಪಾಯವಿದೆ. ಹೊರೆ ಕಡಿಮೆ ಇದ್ದಾಗ ಪಂಪಿನ ಕರೆಂಟ್ ಒಂದು ರೆಸಿಸ್ಟರ್ ಮೂಲಕ ಹಾಯುತ್ತದೆ, ಪಂಪ್ ನಿಧಾನವಾಗಿ ತಿರುಗುತ್ತದೆ. ಹೊರೆ ಹೆಚ್ಚಿದಾಗ ರಿಲೇ ಪೂರ್ತಿ ವೋಲ್ಟೇಜ್ ಕೊಡುತ್ತದೆ. ನೇರ ವೈರಿಂಗಿನಲ್ಲಿ ಈ ಏರ್ಪಾಡು ತಪ್ಪಿಹೋಗುತ್ತದೆ. ಸಿಗ್ನಲ್ಲಿನಲ್ಲಿ ನಿಂತಾಗಲೂ ಪಂಪ್ ಪೂರ್ತಿ ಓಡುತ್ತದೆ. ಅಷ್ಟನ್ನೂ ವಾಪಸ್ ಕಳಿಸಲು ಹಳೆಯ ರೆಗ್ಯುಲೇಟರಿಗೆ, ಸಣ್ಣ ರಿಟರ್ನ್ ಪೈಪಿಗೆ ಶಕ್ತಿಯಿಲ್ಲ. ಒತ್ತಡ ತಾನಾಗಿ ಏರಿ ಕೂರುತ್ತದೆ.

ಇಸಿಯುನಲ್ಲಿ ಕಡಿಮೆ ಮಾಡಿದರೆ ಐಡ್ಲಿಂಗ್ ಸರಿಯಾದಂತೆ ಕಾಣುತ್ತದೆ. ಆದರೆ ಹೊರೆ ಏರುತ್ತಿದ್ದಂತೆ ವಾಪಸ್ ಹೋಗುವ ಪ್ರಮಾಣ ಇಳಿದು, ಮಿಗಿಲಾಗಿದ್ದ ಒತ್ತಡವೂ ಕರಗುತ್ತದೆ. ಇಂಜೆಕ್ಟರಿನ ಹರಿವು ಹೀಗೆ ಬದಲಾಗುತ್ತಿದ್ದರೆ ಯಾವ ಮ್ಯಾಪೂ ನಂಬಿಕೆಗೆ ಅರ್ಹವಲ್ಲ.

ಪರೀಕ್ಷೆ ಸುಲಭ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಳಚಿ, ಐಡ್ಲಿಂಗಿನಲ್ಲಿ ಒತ್ತಡ ನೋಡಿ. ಹೊಂದಿಸಬಹುದಾದ ರೆಗ್ಯುಲೇಟರಿದ್ದರೆ ಸ್ಕ್ರೂ ಪೂರ್ತಿ ಸಡಿಲಿಸಿ. ಆಗಲೂ ಒತ್ತಡ 3 ಬಾರಿಗಿಂತ ಕೆಳಗಿಳಿಯದಿದ್ದರೆ ರಿಟರ್ನ್ ದಾರಿ ಕಿರಿದು ಎಂದೇ ಅರ್ಥ. ದೊಡ್ಡ ರೆಗ್ಯುಲೇಟರ್ ಮತ್ತು ದಪ್ಪ ರಿಟರ್ನ್ ಲೈನ್ ಹಾಕಿಸಬಹುದು, ಇಲ್ಲವೇ ಪಂಪಿನ ವೇಗವನ್ನು ಹೊರೆಗೆ ತಕ್ಕಂತೆ ನಿಯಂತ್ರಿಸುವ ಕಂಟ್ರೋಲರ್ ಹಾಕಿಸಬಹುದು. ನಿಮ್ಮ ಗುರಿ 400 ಎಚ್‌ಪಿಯೊಳಗಿದ್ದರೆ ಚಿಕ್ಕ ಪಂಪಿಗೆ ಮರಳುವುದೇ ಅಗ್ಗ. ಪೆಟ್ರೋಲ್ ವಾಸನೆಯನ್ನು ಮಾತ್ರ ಒತ್ತಡದ ಲೆಕ್ಕಕ್ಕೆ ಸೇರಿಸಿ ಸುಮ್ಮನಿರಬೇಡಿ. ಹೋಸ್, ಕ್ಲಾಂಪ್ ಮತ್ತು ಫ್ಯೂಯಲ್ ರೈಲಿನ ಪಲ್ಸೇಷನ್ ಡ್ಯಾಂಪರನ್ನು ಇಂದೇ ನೋಡಿಸಿ. ಹಳೆಯ ಆರ್‌ಎಕ್ಸ್-7ಗಳಲ್ಲಿ ಸೋರುವ ಡ್ಯಾಂಪರಿನಿಂದ ಬೆಂಕಿ ಹತ್ತಿದ್ದುಂಟು.

ಪ್ರಶ್ನೆ: ಹೊಸ ಪಂಪ್ ಹಾಕಿಯೂ 6,000 ಆರ್‌ಪಿಎಂ ದಾಟಿದ ಮೇಲೆ ವೈಡ್‌ಬ್ಯಾಂಡ್ ಮೀಟರಿನಲ್ಲಿ ಗಾಳಿ–ಪೆಟ್ರೋಲ್ ಪ್ರಮಾಣ 11ರಿಂದ 12.5ಕ್ಕೆ ಏರುತ್ತದೆ. ಪಂಪ್ ನಕಲಿಯೇ?
– ಎಂ.ಎಚ್., ದುಬೈ

ಉತ್ತರ: ಇರಬಹುದು, ನಕಲಿಗಳ ಕಾಟ ಇದ್ದೇ ಇದೆ. ಆದರೆ ನನ್ನ ಮೊದಲ ಅನುಮಾನ ವೈರಿನ ಮೇಲೆ. ಅದಕ್ಕೂ ಮೊದಲು, ಕಾರಣ ಸಿಗುವವರೆಗೆ ಬೂಸ್ಟಿನಲ್ಲಿ ಕಾರನ್ನು ಎಳೆಸಬೇಡಿ.

ಎಫ್‌ಡಿಯಲ್ಲಿ ಬ್ಯಾಟರಿ ಮುಂದೆ, ಪಂಪ್ ಹಿಂದೆ. ಮಧ್ಯೆ ಮೂವತ್ತು ವರ್ಷದ ತೆಳು ವೈರ್, ಕನೆಕ್ಟರ್, ರಿಲೇ. ದೊಡ್ಡ ಪಂಪ್ ಹೆಚ್ಚು ಕರೆಂಟ್ ಎಳೆದಷ್ಟೂ ದಾರಿಯಲ್ಲೇ ವೋಲ್ಟೇಜ್ ಸೋರುತ್ತದೆ. ಬ್ಯಾಟರಿಯಲ್ಲಿ 13.8 ಇದ್ದು ಪಂಪಿನ ಬಳಿ 11.5 ಸಿಕ್ಕರೆ, ನೀವು ದುಡ್ಡು ಕೊಟ್ಟು ತಂದ ಹರಿವಿನಲ್ಲಿ ದೊಡ್ಡ ಪಾಲು ಹೋದಂತೆಯೇ. ಪಂಪಿನ ಕನೆಕ್ಟರಿನಲ್ಲಿ, ಪಂಪ್ ಓಡುತ್ತಿರುವಾಗಲೇ ಅಳೆಯಿರಿ. ಪ್ಲಸ್ ಕಡೆಯಷ್ಟೇ ಸಾಲದು, ಅರ್ತ್ ಕಡೆಯ ಸೋರಿಕೆಯನ್ನೂ ನೋಡಿ. ಕೊರತೆ ಕಂಡರೆ ಬ್ಯಾಟರಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ದಪ್ಪ ವೈರ್ ಎಳೆದು, ಪಂಪಿನ ಹತ್ತಿರ ರಿಲೇ ಕೂರಿಸಿ. ಹಳೆಯ ವೈರ್ ರಿಲೇಯನ್ನು ಒತ್ತುವ ಕೆಲಸಕ್ಕಷ್ಟೇ ಇರಲಿ. ಎಂಜಿನ್ ನಿಂತರೆ ಪಂಪೂ ನಿಲ್ಲಬೇಕು, ಆ ಸುರಕ್ಷತೆ ಉಳಿಯುತ್ತದೆ.

ವೋಲ್ಟೇಜ್ ಸರಿಯಿದ್ದರೆ ಫಿಲ್ಟರ್ ಬದಲಿಸಿ. ಅದು ಕಾರಿನ ಹಿಂಭಾಗದ ಅಡಿಯಲ್ಲಿ ಕೈಗೆಟುಕದ ಜಾಗದಲ್ಲಿರುವುದರಿಂದ ಎಷ್ಟೋ ಕಾರುಗಳಲ್ಲಿ ಅದನ್ನು ಯಾರೂ ಮುಟ್ಟಿರುವುದಿಲ್ಲ. ಮೂರನೆಯದು, ಟ್ಯಾಂಕಿನೊಳಗಿನ ತುಂಡು ಹೋಸ್. ಸಾಮಾನ್ಯ ಪೆಟ್ರೋಲ್ ಹೋಸ್ ಹೊರಗಿನಿಂದಲೂ ಪೆಟ್ರೋಲಿನಲ್ಲಿ ನೆನೆದರೆ ಮೆತ್ತಗಾಗಿ ಬಿರಿಯುತ್ತದೆ, ಒತ್ತಡ ಟ್ಯಾಂಕಿನೊಳಗೇ ಸೋರುತ್ತದೆ. ಮುಳುಗಿಸಿಡಲೆಂದೇ ಮಾಡಿದ 30ಆರ್10 ದರ್ಜೆಯ ಹೋಸ್ ಹಾಕಿ.

ಪ್ರಶ್ನೆ: ಇಲ್ಲಿ ಇ85 ಸಿಗುತ್ತದೆ. ರೋಟರಿಗೆ ಒಳ್ಳೆಯದು ಅನ್ನುತ್ತಾರೆ. ಹಾಕಬಹುದೇ?
– ಪಿ.ಜಿ., ಹ್ಯೂಸ್ಟನ್

ಉತ್ತರ: ಇ85ರಲ್ಲಿರುವ ಎಥನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರುತ್ತದೆ, ನಾಕಿಂಗನ್ನು ತಡೆಯುತ್ತದೆ. ಆ ಮಟ್ಟಿಗೆ ರೋಟರಿಗೆ ಹಿತವೇ. ಬೆಲೆ ತೆರುವುದು ಪ್ರಮಾಣದಲ್ಲಿ: ಅದೇ ಶಕ್ತಿಗೆ ಪೆಟ್ರೋಲಿಗಿಂತ ಮೂರನೇ ಒಂದು ಭಾಗಕ್ಕೂ ಮಿಕ್ಕಿ ಹೆಚ್ಚು ಇಂಧನ ಬೇಕು. ಆಕ್ಲೆಂಡಿನವರಿಗೆ ಹೇಳಿದ 195 ಲೀಟರ್ ನಿಮ್ಮಲ್ಲಿ 265 ದಾಟುತ್ತದೆ. 450 ವರ್ಗದ ಪಂಪಿಗೆ ಇಲ್ಲಿ ಅರ್ಥವಿದೆ, ಅದೂ ಎಥನಾಲಿಗೆಂದೇ ಮಾಡಿದ್ದಾದರೆ. ಇಂಜೆಕ್ಟರುಗಳೂ ಅದೇ ಪ್ರಮಾಣದಲ್ಲಿ ದೊಡ್ಡದಾಗಬೇಕು, ಹಳೆಯ ರಬ್ಬರ್ ಹೋಸುಗಳು ಹೋಗಬೇಕು. ಅಮೆರಿಕದಲ್ಲಿ ಇ85 ಎಂದು ಮಾರುವುದರಲ್ಲಿ ಎಥನಾಲ್ ಶೇ 51ರಿಂದ 83ರವರೆಗೆ ಏನೂ ಇರಬಹುದು. ಎಥನಾಲ್ ಸೆನ್ಸರ್, ಅದನ್ನು ಓದಬಲ್ಲ ಇಸಿಯು ಇಲ್ಲದೆ ಈ ಗೋಜಿಗೆ ಹೋಗಬೇಡಿ.

ಪ್ರಶ್ನೆ: ಫಿಲಿಪ್ ಐಲ್ಯಾಂಡ್ ಟ್ರ್ಯಾಕಿನ ಉದ್ದ ತಿರುವುಗಳಲ್ಲಿ ಎಂಜಿನ್ ಮುಗ್ಗರಿಸುತ್ತದೆ. ಆಗ ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇರುತ್ತದೆ.
– ಡಿ.ಆರ್., ಮೆಲ್ಬರ್ನ್

ಉತ್ತರ: ಸಂಪಿನಲ್ಲಿ ನೀರು ತಳ ಸೇರಿದಾಗ ಮೋಟರ್ ಗಾಳಿ ಎಳೆಯುವುದಿಲ್ಲವೇ, ಹಾಗೆಯೇ ಇದು. ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಸರಿದು ಪಂಪಿನ ಬಾಯಿ ಬರಿದಾಗುತ್ತದೆ. ದೊಡ್ಡ ಪಂಪ್ ಹಾಕಿದರೆ ಇನ್ನೂ ಬೇಗ ಬರಿದಾಗುತ್ತದೆ. ಸರ್ಜ್ ಟ್ಯಾಂಕ್ ಹಾಕಿಸಿ: ಮುಖ್ಯ ಟ್ಯಾಂಕಿನ ಪಂಪ್ ಒಂದೆರಡು ಲೀಟರಿನ ಸಣ್ಣ ಟ್ಯಾಂಕನ್ನು ಸದಾ ತುಂಬಿಸುತ್ತಿರುತ್ತದೆ, ಎಂಜಿನ್ನಿಗೆ ಒತ್ತಡ ಕೊಡುವ ಪಂಪ್ ಅದರಿಂದ ಎಳೆಯುತ್ತದೆ. ಅಲ್ಲಿಯವರೆಗೆ ಟ್ರ್ಯಾಕಿಗೆ ಇಳಿಯುವಾಗಲೆಲ್ಲ ಟ್ಯಾಂಕ್ ತುಂಬಿಸಿ. ಹೆಚ್ಚುವರಿ ಭಾರ ಎಂಜಿನ್ನಿಗಿಂತ ಅಗ್ಗ.

ಪ್ರಶ್ನೆ: ಪಂಪ್ ಬದಲಿಸುವುದನ್ನು ಮನೆಯ ಗ್ಯಾರೇಜಿನಲ್ಲೇ ಮಾಡಬಹುದೇ?
– ಎ.ಎಸ್., ಟೊರಾಂಟೊ

ಉತ್ತರ: ಕೈಪಳಗಿದವರು ಮಾಡಬಹುದು. ಹಿಂದಿನ ಕಾರ್ಪೆಟ್ ಎತ್ತಿದರೆ ಪಂಪಿನ ಮುಚ್ಚಳ ಸಿಗುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಕಡಿಮೆ ಇರುವಾಗ ಕೈಹಾಕಿ. ಎಂಜಿನ್ ಓಡುತ್ತಿರುವಾಗ ಪಂಪಿನ ಕರೆಂಟ್ ತಪ್ಪಿಸಿ, ಅದು ತಾನಾಗಿ ನಿಂತ ಮೇಲೆ ಬ್ಯಾಟರಿಯ ಮೈನಸ್ ಕಳಚಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲದಲ್ಲೇ ಹರಡುತ್ತದೆ. ನಿಮ್ಮ ಕಡೆಯ ಗ್ಯಾರೇಜುಗಳಲ್ಲಿ ಗ್ಯಾಸಿನ ವಾಟರ್ ಹೀಟರ್ ಇರುವುದುಂಟು. ಇದ್ದರೆ ಕಾರನ್ನು ಹೊರಗೆ ತಂದೇ ಕೆಲಸ ಶುರು ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ. ಮುಚ್ಚಳಕ್ಕೆ ಹೊಸ ಸೀಲ್ ಹಾಕಿ. ಜೋಡಿಸಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಪಂಪೊಂದನ್ನೇ ಓಡಿಸಿ ಪ್ರತಿ ಕೀಲನ್ನೂ ನೋಡಿ.

ಹಳೆಯ ಪಂಪ್ ಬಿಚ್ಚುವ ಮೊದಲು ರೈಲಿನ ಒತ್ತಡ, ಪಂಪಿನ ವೋಲ್ಟೇಜ್ ಎರಡನ್ನೂ ಬರೆದಿಟ್ಟುಕೊಳ್ಳಿ. ಹೊಸದು ಕೂತ ಮೇಲೆ ಮತ್ತೆ ಅಳೆದು ಎರಡೂ ಸಾಲುಗಳನ್ನು ಟ್ಯೂನರಿಗೆ ಕೊಡಿ. ಬೂಸ್ಟ್ ಏರಿಸಿದಾಗ ಒತ್ತಡವೂ ಅಷ್ಟೇ ಏರಿ ನಿಂತರೆ ಮುಂದಿನ ಹೆಜ್ಜೆ. ನಿಲ್ಲದಿದ್ದರೆ ಅಲ್ಲಿಗೇ ನಿಲ್ಲಿಸಿ.