ಎರೆ ನೆಲದ ಅಂಗಳದಲ್ಲಿ ಹಸಿರು: ಕುಕನೂರು ಸೀಮೆಯ ಮನೆಗಳಿಗೆ ಕೈತೋಟದ ಪಾಠ

“ನನ್ನ ಕೈಗುಣ ಸರಿಯಿಲ್ಲ, ಏನು ಹಚ್ಚಿದರೂ ಒಣಗುತ್ತದೆ” ಎಂಬ ಮಾತು ಕುಕನೂರು, ಯಲಬುರ್ಗಾ, ಕುಷ್ಟಗಿ ಕಡೆಯ ಮನೆಗಳಲ್ಲಿ ಆಗಾಗ ಕೇಳಿಸುತ್ತದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಓಣಿಗೆ ಬಂದ ಗಾಡಿಯಲ್ಲಿ ಹೂಬಿಟ್ಟ ಗುಲಾಬಿಯನ್ನೋ ಬಣ್ಣದ ಎಲೆಯ ಕ್ರೋಟನ್ನನ್ನೋ ಕಂಡು ಆಸೆಪಟ್ಟು ಕೊಂಡವರು. ಆ ಸಸಿಗಳಲ್ಲಿ ಎಷ್ಟೋ ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳಲ್ಲಿ, ತೇವದ ಗಾಳಿಯಲ್ಲಿ ಬೆಳೆದಂಥವು. ಅವನ್ನು ತಂದು ನಲವತ್ತು ಡಿಗ್ರಿ ಬಿಸಿಲಿಗೆ ಇಟ್ಟು, ಬೋರಿನ ನೀರು ಹಾಕಿದರೆ ಯಾರ ಕೈಯಲ್ಲೂ ಉಳಿಯುವುದಿಲ್ಲ. ಕೈಗುಣದ ಮಾತು ಬಿಡಿ. ನಮ್ಮ ಸೀಮೆಯಲ್ಲಿ ಕೈತೋಟ ನಿಂತಿರುವುದು ಮಣ್ಣು, ನೀರು, ಕಾಲ ಈ ಮೂರರ ಮೇಲೆ. ಗಿಡದ ಆಯ್ಕೆ ಆಮೇಲಿನದು.

ಮೊದಲು ಮಣ್ಣು

ಕುಕನೂರಿನ ಸುತ್ತ ಎರೆಯೂ ಇದೆ, ಮಸಾರಿಯೂ ಇದೆ. ನಿಮ್ಮ ಹಿತ್ತಲದ್ದು ಯಾವುದೆಂದು ತಿಳಿಯಲು ಒಂದು ಹಿಡಿ ಮಣ್ಣನ್ನು ನೀರಿನಲ್ಲಿ ನಾದಿ, ಹೆಬ್ಬೆರಳು ತೋರುಬೆರಳ ನಡುವೆ ಒತ್ತಿ ಪಟ್ಟಿಯಂತೆ ಎಳೆಯಿರಿ. ಎರಡು ಬೆರಳಗಲಕ್ಕಿಂತ ಉದ್ದ ಬಂದರೆ ಎರೆ. ಕೂಡಲೇ ತುಂಡಾಗಿ ಉದುರಿದರೆ ಮಸಾರಿ.

ಎರೆ ಸತ್ವದ ಮಣ್ಣು. ಜೋಳ, ಕಡಲೆಗೆ ಅದಕ್ಕಿಂತ ಒಳ್ಳೆಯದು ಬೇಕಿಲ್ಲ. ಆದರೆ ಕುಂಡದೊಳಗೆ ತುಂಬಿದರೆ ಅದೇ ಮಣ್ಣು ಗಿಡ ಕೊಲ್ಲುತ್ತದೆ. ನೀರು ಹಾಕಿದಾಗ ಉಬ್ಬಿ ಬೇರಿಗೆ ಗಾಳಿ ಸಿಗದಂತೆ ಮಾಡುತ್ತದೆ. ಒಣಗಿದಾಗ ಬಿರುಕುಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ಆದ್ದರಿಂದ ಕುಂಡಕ್ಕೆ ಎರಡು ಬುಟ್ಟಿ ಮಸಾರಿ, ಒಂದು ಬುಟ್ಟಿ ಚೆನ್ನಾಗಿ ಕಳಿತ ಗೊಬ್ಬರ, ಒಂದು ಬುಟ್ಟಿ ಉಸುಕು ಬೆರೆಸಿಕೊಳ್ಳಿ. ಇದಕ್ಕೆ ಒಂದೆರಡು ಹಿಡಿ ಬೇವಿನ ಹಿಂಡಿ ಸೇರಿದರೆ ಗೆದ್ದಲ ಕಾಟ ಕಡಿಮೆ. ಬರೀ ಎರೆ ಇರುವ ಹಿತ್ತಲದಲ್ಲಿ ನೆಲಕ್ಕಿಂತ ಮುಕ್ಕಾಲು ಅಡಿ ಎತ್ತರದ ಏರುಮಡಿ ಮಾಡಿ ತರಕಾರಿ ಹಾಕಿ. ನಿಂಬೆ, ಕರಿಬೇವಿನಂಥ ಗಿಡಕ್ಕೆ ಒಂದೂವರೆ ಅಡಿ ಉದ್ದಗಲ, ಅಷ್ಟೇ ಆಳದ ಕುಣಿ ತೋಡಿ, ಹದಿನೈದು ದಿನ ಬಿಸಿಲಿಗೆ ಬಿಟ್ಟು, ಮಸಾರಿ ಮತ್ತು ಗೊಬ್ಬರ ತುಂಬಿ ಹಚ್ಚಿ.

ಗೊಬ್ಬರದ ವಿಷಯದಲ್ಲಿ ನಾವು ಪುಣ್ಯವಂತರು. ಕುರಿ ಹಿಂಡುಗಳಿರುವ ಸೀಮೆ ಇದು. ಪೇಟೆಯಲ್ಲಿ ಪ್ಯಾಕೆಟ್ಟಿನ ಗೊಬ್ಬರ ಕೊಳ್ಳುವ ಬದಲು ಹತ್ತಿರದ ಕುರಿಗಾರರಿಂದ ಒಂದು ಚೀಲ ಹಿಕ್ಕೆ ತನ್ನಿ. ಹಸಿ ಹಿಕ್ಕೆಯನ್ನು ನೇರವಾಗಿ ಗಿಡದ ಬುಡಕ್ಕೆ ಹಾಕಬಾರದು, ಕಾವಿಗೆ ಬೇರು ಸುಡುತ್ತದೆ. ನೆರಳಲ್ಲಿ ಗುಂಪೆ ಹಾಕಿ, ತೇವ ಆರದಂತೆ ನೋಡಿಕೊಂಡು, ಎರಡು ಮೂರು ತಿಂಗಳು ಕಳಿಯಲು ಬಿಟ್ಟು ಬಳಸಿ.

ನೀರು: ಸವಳಿನ ಲೆಕ್ಕ ತಪ್ಪದಿರಲಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕೊಪ್ಪಳ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಹೆಚ್ಚು, ಸವಳೂ ಹೆಚ್ಚು. ಅದರಿಂದ ಮನುಷ್ಯರ ಹಲ್ಲು, ಎಲುಬಿಗೆ ಆಗುವ ಕೇಡು ನಮಗೆ ಗೊತ್ತು. ಗಿಡಗಳ ಮೇಲಾಗುವ ಕೇಡನ್ನು ಗಮನಿಸುವವರು ಕಡಿಮೆ. ಮನೆಯೊಳಗೆ ಇಡುವ ಸ್ಪೈಡರ್ ಪ್ಲಾಂಟ್, ಡ್ರಸೀನಾಗಳ ಎಲೆತುದಿ ಕಂದಾಗಿ ಸುಟ್ಟಂತಾಗುವುದಕ್ಕೆ ಫ್ಲೋರೈಡ್ ಒಂದು ಮುಖ್ಯ ಕಾರಣ. ನೀರು ಕಡಿಮೆಯಾಯಿತೆಂದು ಅದೇ ಬೋರಿನ ನೀರನ್ನು ಇನ್ನಷ್ಟು ಸುರಿದರೆ ಸುಡುವುದು ಹೆಚ್ಚುತ್ತದೆ. ಇಂಥ ಗಿಡಗಳಿಗೆ ಮಳೆನೀರು ಮೀಸಲಿಡಿ. ಅದಾಗದಿದ್ದರೆ ಅವನ್ನು ಸಾಕುವ ಆಸೆಯನ್ನೇ ಬಿಡಿ.

ಕುಂಡದ ಅಂಚಿನಲ್ಲಿ, ಮಣ್ಣಿನ ಮೇಲೆ ಬಿಳಿ ಪದರು ಕಟ್ಟಿದೆಯೇ? ಅದು ನೀರಿನಲ್ಲಿದ್ದ ಉಪ್ಪು. ಮೇಲಿನ ಒಂದು ಬೆರಳು ಮಣ್ಣು ಕೆರೆದು ತೆಗೆದು ಹೊಸ ಗೊಬ್ಬರ ಹಾಕಿ. ಮಳೆಗಾಲದಲ್ಲಿ ಕುಂಡಗಳನ್ನು ಜಂತಿಯ ಕೆಳಗೆ ಸರಿಸದೆ ಬಯಲಿಗೇ ಬಿಡಿ. ಒಂದು ಜೋರು ಮಳೆ ಆ ಉಪ್ಪನ್ನು ತೊಳೆದು ತಳದ ತೂತಿನಿಂದ ಹೊರಗೆ ಹಾಕುತ್ತದೆ. ಕುಡಿಯುವ ನೀರಿನ ಆರ್‌ಒ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವ ರೂಢಿ ಈಚೆಗೆ ಬೆಳೆದಿದೆ. ನೀರು ಉಳಿಸುವ ಉದ್ದೇಶ ಒಳ್ಳೆಯದೇ. ಆದರೆ ಆ ನೀರಿನಲ್ಲಿ ಉಪ್ಪು ಮೊದಲಿಗಿಂತ ಗಟ್ಟಿಯಾಗಿರುತ್ತದೆ. ಅದನ್ನು ಅಂಗಳ ತೊಳೆಯಲು ಬಳಸಿ, ಕುಂಡಕ್ಕೆ ಬೇಡ.

ಮಳೆನೀರು ಎಷ್ಟು ಸಿಗುತ್ತದೆ ಎಂಬುದು ಸುಲಭ ಲೆಕ್ಕ. ಒಂದು ಚದರ ಮೀಟರ್ ಛಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 20 ಅಡಿಗೆ 30 ಅಡಿಯ ಆರ್‌ಸಿಸಿ ಮನೆಯ ಮೇಲೆ 20 ಮಿ.ಮೀ. ಮಳೆಯಾದರೆ ಸುಮಾರು 1,100 ಲೀಟರ್. ಎರಡು ಡ್ರಮ್ಮು ಇಟ್ಟು, ಬಾಯಿಗೆ ಬಟ್ಟೆ ಕಟ್ಟಿ, ಮೊದಲ ಐದು ಹತ್ತು ನಿಮಿಷದ ಕೊಳೆನೀರು ಹೊರಗೆ ಬಿಟ್ಟು ಹಿಡಿದುಕೊಂಡರೆ ಸೂಕ್ಷ್ಮ ಗಿಡಗಳಿಗೆ ಸಾಕಾಗುತ್ತದೆ.

ಬೇಸಿಗೆಗೆ ನಾನು ಎಲ್ಲಕ್ಕಿಂತ ಹೆಚ್ಚು ನಂಬಿರುವುದು ಗಡಿಗೆ ನೀರಾವರಿ. ಕುಂಬಾರರ ಹತ್ತಿರ ಬಣ್ಣ ಬಳಿಯದ, ನಾಲ್ಕೈದು ಲೀಟರ್ ಹಿಡಿಯುವ ಗಡಿಗೆ ತನ್ನಿ. ಕೊರಳವರೆಗೆ ನೆಲದಲ್ಲಿ ಹುಗಿದು, ನೀರು ತುಂಬಿ, ಸೊಳ್ಳೆ ಹೋಗದಂತೆ ಬಾಯಿ ಮುಚ್ಚಿ. ಸುತ್ತ ಒಂದು ಗೇಣು ದೂರದಲ್ಲಿ ಮೂರು ನಾಲ್ಕು ಹೀರೆ ಅಥವಾ ಹಾಗಲ ಬೀಜ ಊರಿ. ಮಣ್ಣು ಒಣಗಿದಷ್ಟೂ ಗಡಿಗೆ ತಾನಾಗಿಯೇ ಜಿನುಗುತ್ತದೆ, ಬೇರು ಅದರತ್ತ ಹೋಗುತ್ತದೆ. ಮೂರು ನಾಲ್ಕು ದಿನಕ್ಕೊಮ್ಮೆ ತುಂಬಿದರೆ ಸಾಕು. ಊರಿಗೆ ಹೋಗಿ ಬರುವವರಿಗೂ ಇದು ನಿಶ್ಚಿಂತೆ.

ಇದರ ಜೊತೆಗೆ ಬುಡಕ್ಕೆ ಹೊದಿಕೆ ಬೇಕೇಬೇಕು. ಶೇಂಗಾ ಸಿಪ್ಪೆ, ಕಡಲೆ ಹೊಟ್ಟು, ತೊಗರಿ ಹೊಟ್ಟು ನಮ್ಮಲ್ಲಿ ಧಾರಾಳವಾಗಿ ಸಿಗುತ್ತವೆ. ಎರಡು ಮೂರು ಬೆರಳು ದಪ್ಪ ಹರಡಿ, ಕಾಂಡಕ್ಕೆ ತಾಗದಂತೆ ಸ್ವಲ್ಪ ಬಿಡಿ. ಎರೆ ನೆಲ ಬಿರಿಯುವುದೂ ಇದರಿಂದ ತಗ್ಗುತ್ತದೆ. ಬಚ್ಚಲ ನೀರನ್ನು ಬಾಳೆಗೆ, ಕಣಗಿಲಕ್ಕೆ ಹರಿಯಬಿಡಬಹುದು. ಸೊಪ್ಪಿನ ಮಡಿಗೆ ಬಿಡಬಾರದು.

ಯಾವಾಗ ಏನು

ಮೃಗಶಿರ ಮಳೆ ಬಿದ್ದು ನೆಲ ತಂಪಾದ ಮೇಲೆ ಬೆಂಡೆ, ಚವಳಿ, ಹೀರೆ, ಹಾಗಲ, ಸೋರೆ ಊರಿ. ಬೆಂಡೆ ಬೀಜವನ್ನು ರಾತ್ರಿ ನೆನೆಹಾಕಿದರೆ ಬೇಗ ಮೊಳೆಯುತ್ತದೆ, ಐವತ್ತು ದಿನದ ಒಳಗೆ ಕಾಯಿ ಕೈಗೆ ಬರುತ್ತದೆ. ಅದರ ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ ಒಳ್ಳೆಯ ಆಯ್ಕೆ. ಅದು ಹೈಬ್ರಿಡ್ ಅಲ್ಲ. ಬೀಜ ಉಳಿಸಿಕೊಂಡು ಮತ್ತೆ ಬಿತ್ತಬಹುದು. ಬಳ್ಳಿಗಳಿಗೆ ಚಪ್ಪರ ಇರಲಿ, ನೆಲದಲ್ಲಿ ಹರಿದಾಡಿದರೆ ಕಾಯಿ ಕೊಳೆಯುತ್ತದೆ.

ಹೊಸದಾಗಿ ಶುರು ಮಾಡುವವರಿಗೆ ನಾನು ಮೊದಲು ಹೇಳುವುದು ಪುಂಡಿ. ಬರ, ಬಿಸಿಲು, ಮರೆವು ಮೂರನ್ನೂ ತಾಳಿಕೊಳ್ಳುವ ಸೊಪ್ಪು. ಬೀಜ ಚೆಲ್ಲಿ, ಮೊಣಕಾಲೆತ್ತರ ಬಂದಾಗ ತುದಿ ಚಿವುಟಿ ಪಲ್ಯಕ್ಕೆ ತೆಗೆದುಕೊಳ್ಳಿ, ಬದಿಯಿಂದ ಮತ್ತೆ ಚಿಗುರುತ್ತದೆ. ಮನೆಯಲ್ಲೇ ಬೆಳೆದ ಪುಂಡಿ ಪಲ್ಯದ ಹುಳಿ ರೊಟ್ಟಿಯ ಜೊತೆ ಒಮ್ಮೆ ನಾಲಗೆಗೆ ಹತ್ತಿದರೆ ಕೈತೋಟ ಬಿಡುವ ಮನಸ್ಸಾಗುವುದಿಲ್ಲ. ರಾಜಗಿರಿಯೂ ಅಷ್ಟೇ ಸುಲಭ.

ಸೆಪ್ಟೆಂಬರ್ ಅಕ್ಟೋಬರ್ ಮಳೆ ಮುಗಿದು ತಂಪು ಬೀಳುವ ಹೊತ್ತಿಗೆ ಮೆಂತೆ, ಕೊತ್ತಂಬರಿ, ಸಬ್ಬಸಿಗೆ, ಮೂಲಂಗಿ, ಗಜ್ಜರಿ, ಬದನೆ. ಮೆಂತೆ ಇಪ್ಪತ್ತೈದು ಮೂವತ್ತು ದಿನದಲ್ಲಿ ತಯಾರು. ಕೊತ್ತಂಬರಿ ಕಾಳನ್ನು ಚಪ್ಪಲಿಯಿಂದ ಹಗುರವಾಗಿ ಉಜ್ಜಿ ಎರಡು ಹೋಳು ಮಾಡಿ ಬಿತ್ತಬೇಕು. ಮೊಳೆಯಲು ಎಂಟು ಹತ್ತು ದಿನ ಹಿಡಿಯುತ್ತದೆ, ಗಾಬರಿಯಾಗಿ ಮಣ್ಣು ಕೆದಕಬೇಡಿ. ಎಲ್ಲವನ್ನೂ ಒಂದೇ ದಿನ ಬಿತ್ತದೆ ಹತ್ತು ದಿನಕ್ಕೊಂದು ಸಾಲು ಬಿತ್ತಿದರೆ ಚಳಿಗಾಲ ಪೂರ್ತಿ ಸೊಪ್ಪು ಇರುತ್ತದೆ.

ಜಾಗವಿದ್ದರೆ ನುಗ್ಗೆ ಇರಲಿ. ಬಾಗಲಕೋಟೆಯ ತೋಟಗಾರಿಕಾ ವಿಶ್ವವಿದ್ಯಾಲಯದ ‘ಭಾಗ್ಯ’ ತಳಿ ನಮ್ಮ ಒಣಹವೆಗೆ ಹೊಂದುತ್ತದೆ. ಮೂರಡಿ ಆದಾಗ ತುದಿ ಚಿವುಟಿ, ಇಲ್ಲದಿದ್ದರೆ ಕೈಗೆಟುಕದ ಎತ್ತರಕ್ಕೆ ಹೋಗುತ್ತದೆ. ದಾಳಿಂಬೆಯ ಬಗ್ಗೆ ಒಂದು ಕೋರಿಕೆ ಇದೆ. ಕುಷ್ಟಗಿ, ಯಲಬುರ್ಗಾ ಕಡೆಯ ಬೆಳೆಗಾರರನ್ನು ದುಂಡಾಣು ಅಂಗಮಾರಿ ವರ್ಷಗಟ್ಟಲೆ ಕಾಡಿದೆ. ಹಿತ್ತಲದ ಗಿಡದ ಎಲೆ ಕಾಯಿಗಳ ಮೇಲೆ ಎಣ್ಣೆ ಹತ್ತಿದಂಥ ಕಪ್ಪು ಚುಕ್ಕೆ ಬಿದ್ದು, ಕಾಯಿ ಸೀಳಿದರೆ ಆ ಗಿಡ ಕಿತ್ತು ಸುಟ್ಟುಬಿಡಿ. ನಿಮಗೆ ಹೋಗುವುದು ಒಂದು ಗಿಡ, ಪಕ್ಕದ ಹೊಲದವರಿಗೆ ಇಡೀ ತೋಟ.

ಹೂವು

ತುಂಗಭದ್ರೆಯ ಆಚೆ ದಡದ ಹೂವಿನಹಡಗಲಿಯ ಮಲ್ಲಿಗೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಂದಮೇಲೆ ಮಲ್ಲಿಗೆಗೆ ನಮ್ಮ ಹವೆ ಒಗ್ಗದೆಂಬ ಚಿಂತೆ ಬೇಡ. ಬಿಸಿಲು ಚೆನ್ನಾಗಿರುವ ಕಡೆ ಹಚ್ಚಿ. ಎಲೆ ಬೆಳೆದು ಹೂ ಬಾರದಿದ್ದರೆ ಕಾರಣ ಸಾಮಾನ್ಯವಾಗಿ ಎರಡೇ: ನೆರಳು, ಇಲ್ಲವೇ ಸವರದಿರುವುದು. ಡಿಸೆಂಬರ್ ಕೊನೆಯಿಂದ ಜನವರಿಯ ಒಳಗೆ ಕೆಲವು ದಿನ ನೀರು ನಿಲ್ಲಿಸಿ, ಮೊಣಕಾಲೆತ್ತರಕ್ಕೆ ಸವರಿ, ಬುಡ ಕೆದಕಿ ಗೊಬ್ಬರ ಕೊಟ್ಟು ನೀರು ಬಿಡಿ. ಬೇಸಿಗೆಯ ಸಂಜೆಗಳಲ್ಲಿ ಇಡೀ ಓಣಿಗೆ ಗೊತ್ತಾಗುವಷ್ಟು ಅರಳುತ್ತದೆ. ಅಬ್ಬಲಿಗೆಗೆ ಅರ್ಧ ನೆರಳು ಸಾಕು. ದಾಸವಾಳ, ಕಣಗಿಲ, ನಂದಿಬಟ್ಟಲು ಎರೆಯಲ್ಲೂ ನಿಲ್ಲುತ್ತವೆ, ದೇವರಿಗೆ ದಿನಾ ಹೂ ಕೊಡುತ್ತವೆ. ಕಣಗಿಲದ ಪ್ರತಿ ಭಾಗವೂ ವಿಷ. ಮಕ್ಕಳು, ಆಡು ಕರುಗಳಿರುವ ಮನೆಯಲ್ಲಿ ಬೇಡ.

ಮಾಳಿಗೆ ಮೇಲೆ

ನೆನೆದ ಮಣ್ಣು ಒಂದು ಘನ ಅಡಿಗೆ 45ರಿಂದ 50 ಕಿಲೋ ತೂಗುತ್ತದೆ. ಮಣ್ಣಿನ ಮಾಳಿಗೆಯ ಹಳೆಯ ಮನೆಗಳ ಮೇಲೆ ಕುಂಡ ಇಡಲೇಬೇಡಿ. ಆರ್‌ಸಿಸಿ ಮನೆಯಲ್ಲೂ ನಡುವೆ ಗುಂಪು ಹಾಕದೆ ತೊಲೆ, ಗೋಡೆಯ ಗುಂಟ ಸಾಲಾಗಿ, ಇಟ್ಟಿಗೆ ಮೇಲೆ ಇಡಿ. ಸೊಪ್ಪಿಗೆ ಆರು ಅಂಗುಲ ಆಳದ ಟ್ರೇ ಸಾಕು. ಮಾರ್ಚ್‌ನಿಂದ ಮೇ ತನಕ ಶೇ 50ರ ನೆರಳು ಬಲೆ ಕಟ್ಟಿ.

ಹುಳ ಹುಪ್ಪಟೆ

ಬೇಸಿಗೆಯಲ್ಲಿ ಬೇವಿನ ಮರದ ಕೆಳಗೆ ಉದುರಿದ ಹಣ್ಣು ಆಯ್ದು, ಬೀಜ ನೆರಳಲ್ಲಿ ಒಣಗಿಸಿ ಇಟ್ಟುಕೊಳ್ಳಿ. ಬೀಜದ ತಿರುಳು 50 ಗ್ರಾಂ ಕುಟ್ಟಿ ಒಂದು ಲೀಟರ್ ನೀರಲ್ಲಿ ರಾತ್ರಿ ನೆನೆಸಿ, ಸೋಸಿ, ಚೂರು ಸೋಪಿನ ನೀರು ಬೆರೆಸಿ ಸಂಜೆ ಸಿಂಪಡಿಸಿ. ದಾಸವಾಳದ ಹಿಟ್ಟು ತಿಗಣೆಯನ್ನು ಮೊದಲು ನೀರಿನ ರಭಸಕ್ಕೆ ತೊಳೆದು ಆಮೇಲೆ ಇದನ್ನು ಹೊಡೆಯಿರಿ. ಬದನೆಯ ಕುಡಿ ಬಾಡಿದರೆ ಒಳಗೆ ಹುಳವಿದೆ; ಔಷಧಿಗೆ ಓಡದೆ ಆ ಕುಡಿಯನ್ನೇ ಕತ್ತರಿಸಿ ಸುಡಿ.

ರೋಗ ಗುರುತಾಗದಿದ್ದರೆ ಎಲೆಯ ಸಮೇತ ಒಂದು ರೆಂಬೆ ಕಿತ್ತುಕೊಂಡು ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ. ಗಂಗಾವತಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ, ಮುನಿರಾಬಾದಿನಲ್ಲಿ ತೋಟಗಾರಿಕಾ ಕಾಲೇಜಿದೆ. ಹೊಲದ ಬೆಳೆಗಷ್ಟೇ ಅಲ್ಲ, ಹಿತ್ತಲದ ಗಿಡಕ್ಕೂ ಅಲ್ಲಿ ಸಲಹೆ ಕೇಳಬಹುದು.

ಗಾಡಿಯ ಸಸಿ ಬೇಡವೇ ಎಂದು ಕೇಳಿದರೆ, ಬೇಡವೆಂದಲ್ಲ. ಮಳೆಗಾಲ ಶುರುವಾದ ಮೇಲೆ ಕೊಳ್ಳಿ. ತಂದ ದಿನವೇ ಕುಂಡ ಬದಲಿಸದೆ ಹತ್ತು ದಿನ ನೆರಳಲ್ಲಿಟ್ಟು, ಮೆಲ್ಲಗೆ ಬಿಸಿಲಿಗೆ ರೂಢಿ ಮಾಡಿ. ಮೇ 25ರ ಆಸುಪಾಸಿಗೆ ರೋಹಿಣಿ ಮಳೆ ಕೂಡುತ್ತದೆ. ಅಷ್ಟರೊಳಗೆ ಕುಣಿ ತೋಡಿ ಬಿಸಿಲಿಗೆ ಬಿಟ್ಟು, ಗೊಬ್ಬರ ಕಳಿಯಲು ಹಾಕಿ, ಹಿರಿಯರ ಹತ್ತಿರ ಒಂದು ಹಿಡಿ ಪುಂಡಿ ಬೀಜ ಕೇಳಿ ಇಟ್ಟುಕೊಳ್ಳಿ.