ಪಿನ್ಯಾಟಾ ಕಟ್ಟುವವರಿಗೆ ಕಿವಿಮಾತು

ಮೆಕ್ಸಿಕೋದಲ್ಲಿ ಡಿಸೆಂಬರ್ 16ರಿಂದ 24ರವರೆಗೆ ನಡೆಯುವ ಪೊಸಾದಾ ಎಂಬ ಕ್ರಿಸ್‌ಮಸ್ ಪೂರ್ವದ ಆಚರಣೆಯಲ್ಲೂ ಮಕ್ಕಳ ಹುಟ್ಟುಹಬ್ಬಗಳಲ್ಲೂ ತೂಗುಹಾಕುವ ಪಿನ್ಯಾಟಾ, ಅಂದರೆ ಒಳಗೆ ಮಿಠಾಯಿ, ಹಣ್ಣು, ಕಡಲೆಕಾಯಿ ತುಂಬಿ ಬಣ್ಣದ ಕಾಗದದಿಂದ ಸಿಂಗರಿಸಿದ ಏಳು ಮೂಲೆಯ ನಕ್ಷತ್ರ ಅಥವಾ ಗೊಂಬೆ, ಹಿಂದೆ ಮಣ್ಣಿನ ಮಡಕೆಯ ಮೇಲೆಯೇ ರೂಪುಗೊಳ್ಳುತ್ತಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಡಕೆ ಒಡೆಯುವ ಹಬ್ಬದಾಟವನ್ನು ಬಲ್ಲ ಕನ್ನಡಿಗರಿಗೆ ಇದು ತೀರ ಅಪರಿಚಿತವೇನಲ್ಲ. ಆದರೆ ಚೂರುಗಳ ನಡುವೆಯೇ ಮಕ್ಕಳು ತಿನಿಸಿಗಾಗಿ ಮುಗಿಬೀಳುವುದರಿಂದ ಕಾಗದದ ಪಿನ್ಯಾಟಾವೇ ಲೇಸು.

ಊದಿದ ಬಲೂನಿನ ಮೇಲೆ ಮೈದಾ ಅಂಟಿನಲ್ಲಿ ಅದ್ದಿದ ಪತ್ರಿಕೆಯ ಪಟ್ಟಿಗಳನ್ನು ಅಡ್ಡಡ್ಡವಾಗಿ ಮೂರು ಪದರ ಹಚ್ಚಿ, ಪ್ರತಿ ಪದರವೂ ಒಣಗುವವರೆಗೆ ಕಾಯಬೇಕು. ಹಸಿಯಾಗಿರುವಾಗಲೇ ತಿನಿಸು ತುಂಬಿ ಮುಚ್ಚಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಪದರ ಹೆಚ್ಚಾದರೆ ಪುಟ್ಟ ಕೈಗಳ ಹೊಡೆತಕ್ಕೆ ಅದು ಜಗ್ಗುವುದಿಲ್ಲ, ಕಡಿಮೆಯಾದರೆ ಮೊದಲ ಮಗುವಿನ ಏಟಿಗೇ ಹರಿದು, ಸರದಿಯಲ್ಲಿ ನಿಂತ ಉಳಿದವರ ಮುಖ ಬಾಡುತ್ತದೆ. ಹಗ್ಗ ಪೋಣಿಸುವ ತೂತಿನ ಒಳಬದಿಗೆ ರಟ್ಟಿನ ತುಂಡು ಅಂಟಿಸುವುದು ಅಗತ್ಯ.

ಆಟದ ಹೊತ್ತಿನಲ್ಲಿ ಹಿರಿಯರೊಬ್ಬರು ಹಗ್ಗ ಹಿಡಿದಿರಬೇಕು, ಇನ್ನೊಬ್ಬರು ಮಕ್ಕಳನ್ನು ಕೋಲಿನ ಬೀಸಿಗೆ ಸಿಗದಷ್ಟು ದೂರ ನಿಲ್ಲಿಸಿ, ಕೋಲನ್ನು ಕೈಗೆ ತೆಗೆದುಕೊಂಡ ಮೇಲೆಯೇ ಆಯಲು ಬಿಡಬೇಕು. ನಾಲ್ಕು ವರ್ಷದೊಳಗಿನವರಿದ್ದಲ್ಲಿ, ಗಂಟಲಿಗೆ ಸಿಕ್ಕಿಕೊಳ್ಳುವ ಗಟ್ಟಿ ಮಿಠಾಯಿಯನ್ನೂ ಕಡಲೆಬೀಜವನ್ನೂ ಖಂಡಿತ ತುಂಬಬಾರದು.