ಅನ್ನಕ್ಕೆ ಎಷ್ಟು ದೂರ?

ಮರುಭೂಮಿಯೆಂದರೆ ಮಳೆಯಿಲ್ಲದ, ಮರಳು ತುಂಬಿದ ಪ್ರದೇಶವೆಂದು ವಿದ್ಯಾರ್ಥಿಗಳು ಭೂಗೋಲದ ಪಾಠದಲ್ಲಿ ಓದಿರುತ್ತಾರೆ. ಈ ಲೇಖನದಲ್ಲಿ ವಿಚಾರಿಸತಕ್ಕ ಮರುಭೂಮಿಯು ಬೇರೆ ಬಗೆಯದು. ಅದು ಹಸಿರು ಹೊಲಗಳ ನಡುವೆಯೂ ಇರಬಹುದು. ‘ಆಹಾರದ ಮರುಭೂಮಿ’ ಎಂಬ ಈ ಮಾತು 1990ರ ದಶಕದ ಆರಂಭದಲ್ಲಿ ಸ್ಕಾಟ್ಲೆಂಡಿನ ಬಡವರ ವಸತಿಗಳಲ್ಲಿ ಹುಟ್ಟಿತು. ಅಲ್ಲಿ ಮನೆಗಳಿದ್ದವು, ರಸ್ತೆಗಳಿದ್ದವು. ಆದರೆ ತಾಜಾ ಕಾಯಿಪಲ್ಲೆಯೂ ಹಣ್ಣೂ ಸಿಗುವ ಅಂಗಡಿಯು ನಡೆದು ಹೋಗುವಷ್ಟು ಸಮೀಪದಲ್ಲಿರಲಿಲ್ಲ. ಮುಂದೆ ಅಮೆರಿಕೆಯ ಕೃಷಿ ಇಲಾಖೆಯು ಇದಕ್ಕೊಂದು ಅಳತೆಯನ್ನು ಗೊತ್ತುಮಾಡಿತು. ಬಡಜನರ ವಸತಿಯಿಂದ ದೊಡ್ಡ ದಿನಸಿ ಅಂಗಡಿಯು ಪಟ್ಟಣದಲ್ಲಿ ಒಂದು ಮೈಲಿಗಿಂತ, ಹಳ್ಳಿಗಾಡಿನಲ್ಲಿ ಹತ್ತು ಮೈಲಿಗಿಂತ ದೂರವಿದ್ದರೆ ಅದು ಆಹಾರದ ಮರುಭೂಮಿಯೆನಿಸುವುದು.

ಈ ಅಳತೆಯ ಕೋಲನ್ನು ಹಿಡಿದು ನಮ್ಮ ಕೊಲ್ಹಾಪುರ ಜಿಲ್ಲೆಯಲ್ಲಿ ತಿರುಗಿದರೆ ಏನು ಕಂಡೀತು? ಹತ್ತು ಮೈಲಿನೊಳಗೆ ಕಿರಾಣಿ ಅಂಗಡಿಯೇ ಇಲ್ಲದ ಹಳ್ಳಿಯನ್ನು ಹುಡುಕುವುದು ಕಷ್ಟ. ಬೆಲ್ಲಕ್ಕೂ ಸಕ್ಕರೆಗೂ ಹಾಲಿಗೂ ಹೆಸರಾದ ಜಿಲ್ಲೆಯಿದು. ಹಾಗಾದರೆ ಈ ಪ್ರಶ್ನೆಯು ನಮ್ಮದಲ್ಲವೆಂದು ಪುಟ ತಿರುವಬಹುದೆ? ತಿರುವಲಾಗದು. ಅಮೆರಿಕೆಯ ಹತ್ತು ಮೈಲು ಮೋಟಾರು ಉಳ್ಳವನ ಹತ್ತು ಮೈಲು. ತಲೆಯ ಮೇಲೆ ಹೊರೆ ಹೊತ್ತು ನಡೆಯುವವಳಿಗೆ ಎರಡು ಮೈಲು ಕೂಡ ಬಹಳ ದೂರವೇ.

ಮೊದಲು ನೆಲವನ್ನು ನೋಡೋಣ. ಪಶ್ಚಿಮದ ಗಗನಬಾವಡೆಯಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದರೆ, ಪೂರ್ವದ ಶಿರೋಳದಲ್ಲಿ ಅದರ ಹತ್ತರಲ್ಲೊಂದು ಪಾಲಿನಷ್ಟು ಮಾತ್ರ ಬೀಳುತ್ತದೆ. ಆಜರಾ, ಚಂದಗಡಗಳ ಕಡೆ ಭತ್ತ ಮತ್ತು ರಾಗಿ. ಗಡಹಿಂಗ್ಲಜದ ಬಯಲಿನಲ್ಲಿ ಜೋಳ, ಶೇಂಗಾ, ಮೆಣಸಿನಕಾಯಿ. ನದಿಗಳ ದಂಡೆಗುಂಟ ಕಬ್ಬು. ಸಹ್ಯಾದ್ರಿಯ ಮಡಿಲಲ್ಲಿರುವ ಧನಗರವಾಡೆಗಳಂಥ ಚಿಕ್ಕ ಜನವಸತಿಗಳಲ್ಲಿ ಕೆಲವಕ್ಕೆ ಮಳೆಗಾಲದಲ್ಲಿ ಗಾಡಿಯ ದಾರಿಯಿರುವುದಿಲ್ಲ. ಪಡಿತರದ ಚೀಲವನ್ನು ಹೆಗಲ ಮೇಲೆಯೇ ಒಯ್ಯಬೇಕಾಗುತ್ತದೆ. ಅಲ್ಲಿ ಅನ್ನದ ದೂರವನ್ನು ಕಾಲಿನಿಂದ ಅಳೆಯುತ್ತಾರೆ.

ಇಚಲಕರಂಜಿಗೆ ಬಂದರೆ ಅಳತೆಯೇ ಬದಲಾಗುತ್ತದೆ. ಇಲ್ಲಿ ಅಂಗಡಿಯು ಓಣಿಯ ತುದಿಯಲ್ಲಿಯೇ ಇದೆ. 1904ರಲ್ಲಿ ಮೊದಲ ವಿದ್ಯುತ್ ಮಗ್ಗವನ್ನು ಕಂಡ ಈ ಊರಿಗೆ ಬೆಳಗಾವಿ, ವಿಜಯಪುರಗಳ ಕಡೆಯಿಂದ ಬಂದು ನೆಲೆಸಿದ ಕನ್ನಡ ಕುಟುಂಬಗಳು ಅನೇಕ. ಹನ್ನೆರಡು ತಾಸಿನ ಪಾಳಿಯನ್ನು ಮುಗಿಸಿ ಹೊರಬಿದ್ದ ತಂದೆಗೆ ಪೇಟೆಯನ್ನು ಸುತ್ತಿ ಸೋವಿಯ ಕಾಯಿಪಲ್ಲೆಯನ್ನು ಆರಿಸುವ ಬಿಡುವೆಲ್ಲಿ? ವಾರದ ಪಗಾರ ಕೈಗೆ ಬರುವ ಮುನ್ನವೇ ಉದ್ರಿಯ ಪುಸ್ತಕದಲ್ಲಿ ಅದರ ಬಹುಭಾಗವು ಬರೆದಾಗಿರುತ್ತದೆ. ಉದ್ರಿ ಕೊಡುವ ಅಂಗಡಿಯಲ್ಲಿ ಇದ್ದುದನ್ನೇ, ಅಂಗಡಿಯವನು ಹೇಳಿದ ಬೆಲೆಗೇ ಕೊಳ್ಳಬೇಕು. ಆದುದರಿಂದ ನೂರು ಹೆಜ್ಜೆ ದೂರದ ಪೇಟೆಯೂ ಆ ಮನೆಗೆ ದೂರವೇ ಸರಿ. ಮಗುವಿನ ಕೈಗೆ ಐದು ರೂಪಾಯಿಯ ಕರಿದ ತಿಂಡಿಯ ಪೊಟ್ಟಣವು ಬರುವುದು ತಾಯಿಯ ಅಲಕ್ಷ್ಯದಿಂದಲ್ಲ. ಆ ಹೊತ್ತಿನಲ್ಲಿ, ಆ ಹಣಕ್ಕೆ, ಆ ಅಂಗಡಿಯಲ್ಲಿ ಸಿಗುವುದು ಅದೊಂದೇ.

ಹಿಂದೆ ಹೀಗಿರಲಿಲ್ಲ, ಮನೆಮನೆಯಲ್ಲಿ ಹಗೇವು ತುಂಬ ಜೋಳವಿತ್ತು ಎಂದು ಹಿರಿಯರು ಹೇಳುವುದುಂಟು. ಹಗೇವು ತುಂಬುತ್ತಿದ್ದುದು ಹೊಲವಿದ್ದವರದು ಮಾತ್ರ ಎಂಬುದನ್ನು ನಾವು ಮರೆಯಬಾರದು. 1896-97ರ ಕ್ಷಾಮದಲ್ಲಿ ಕೂಲಿಕಾರರ ಪಾಡೇನಾಯಿತೆಂಬುದನ್ನು ಇತಿಹಾಸವು ಹೇಳುತ್ತದೆ. 1894ರಲ್ಲಿ ಅಧಿಕಾರ ವಹಿಸಿಕೊಂಡ ಛತ್ರಪತಿ ಶಾಹೂ ಮಹಾರಾಜರು ಆಗ ಇಪ್ಪತ್ತೆರಡು-ಇಪ್ಪತ್ತಮೂರರ ತರುಣರು. ಧಾನ್ಯದ ಬೆಲೆಯು ಬಡವರ ಕೈಗೆಟುಕದಂತೆ ಏರತೊಡಗಿದಾಗ ಅವರು ಸಂಸ್ಥಾನದಲ್ಲಿ ಸೋವಿಬೆಲೆಯ ಧಾನ್ಯದ ಅಂಗಡಿಗಳನ್ನು ತೆರೆಯಿಸಿದರು. ಕಾಮಗಾರಿಗಳನ್ನು ಆರಂಭಿಸಿ ಕೂಲಿಯನ್ನು ಒದಗಿಸಿದರು. ದುಡಿಯಲಾರದವರಿಗಾಗಿ ಅನಾಥಾಲಯಗಳನ್ನು ನಡೆಸಿದರು. ಇದರಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಧಾನ್ಯವನ್ನು ತರಿಸಿದರೆ ಸಾಲದು, ಅದನ್ನು ಕೊಳ್ಳುವ ಶಕ್ತಿಯನ್ನೂ ಜನರಿಗೆ ಕೊಡಬೇಕು ಎಂಬುದನ್ನು ಆ ತರುಣ ರಾಜರು ಅರಿತಿದ್ದರು. ಇದೇ ತತ್ತ್ವವನ್ನು ಅರ್ಥಶಾಸ್ತ್ರಜ್ಞರಾದ ಅಮರ್ತ್ಯ ಸೇನರು 1981ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಶಾಸ್ತ್ರೀಯವಾಗಿ ಪ್ರತಿಪಾದಿಸಿದರು. 1943ರ ಬಂಗಾಲದ ಕ್ಷಾಮವನ್ನು ಒಂಬತ್ತು ವರ್ಷದ ಬಾಲಕನಾಗಿ ಅವರು ಕಣ್ಣಾರೆ ಕಂಡಿದ್ದರು. ಅಲ್ಲಿ ಲಕ್ಷಾಂತರ ಜನರು ಸತ್ತುದು ಧಾನ್ಯವು ಇಲ್ಲವೇ ಇಲ್ಲವೆಂಬುದರಿಂದಲ್ಲ, ಕೂಲಿಯು ಬೆಲೆಯನ್ನು ಮುಟ್ಟಲಾರದೆ ಹೋದುದರಿಂದ ಎಂದು ಅವರು ತೋರಿಸಿಕೊಟ್ಟರು.

ಕ್ಷಾಮವನ್ನು ಬೇರುಸಹಿತ ಕೀಳಬೇಕೆಂದು ಶಾಹೂ ಮಹಾರಾಜರು ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟನ್ನು ಕಟ್ಟಿಸತೊಡಗಿದರು. ಅದು ಅವರ ಜೀವಿತಕಾಲದಲ್ಲಿ ಮುಗಿಯಲಿಲ್ಲ. ಸ್ವಾತಂತ್ರ್ಯದ ತರುವಾಯ, 1950ರ ದಶಕದಲ್ಲಿ ಪೂರ್ಣವಾಯಿತು. ನೀರು ಬಂದಿತು. ನೀರಿನ ಹಿಂದೆ ಕಬ್ಬು ಹಬ್ಬಿತು, ಕಬ್ಬಿನ ಹಿಂದೆ ಕಾರಖಾನೆಗಳು ಎದ್ದವು. ರೈತನ ಕೈಯಲ್ಲಿ ಹಣವಾಡಿದುದು ನಿಜ, ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಕಬ್ಬನ್ನು ಬೇಯಿಸಿ ಉಣ್ಣಲಾಗದು. ಹೊಲವೆಲ್ಲ ಕಬ್ಬಾದ ಮನೆಯು ಜೋಳವನ್ನೂ ಬೇಳೆಯನ್ನೂ ಅಂಗಡಿಯಿಂದಲೇ ತರಬೇಕು. ಬದುವಿನ ಮೇಲಿನ ಅವರೆ, ಅಕ್ಕಡಿಯ ತೊಗರಿ, ಹೊಲದಲ್ಲಿ ತಾನಾಗಿ ಹುಟ್ಟುತ್ತಿದ್ದ ಸೊಪ್ಪು ಇವೆಲ್ಲ ಬಹುಮಟ್ಟಿಗೆ ಹೋದುವು.

ಈಗ ಸ್ವಲ್ಪ ಲೆಕ್ಕ ಮಾಡೋಣ. ವಿದ್ಯಾರ್ಥಿಗಳು ಕಾಗದ-ಲೇಖಣಿಗಳನ್ನು ತೆಗೆದುಕೊಳ್ಳಲಿ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯದೆಯಂತೆ ಆದ್ಯತೆಯ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕಿಲೋ ಧಾನ್ಯವು ಸಲ್ಲುತ್ತದೆ. ಕಡುಬಡವರ ಅಂತ್ಯೋದಯ ಕುಟುಂಬಕ್ಕೆ 35 ಕಿಲೋ. 2023ರ ಜನವರಿಯಿಂದ ಇದು ಉಚಿತವಾಗಿದೆ. ಐದು ಕಿಲೋವನ್ನು 30 ದಿನಗಳಿಗೆ ಹಂಚಿದರೆ ದಿನಕ್ಕೆ ಸುಮಾರು 166 ಗ್ರಾಂ ಆಗುವುದು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯು 2024ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ, 2000 ಕ್ಯಾಲೊರಿಯ ಊಟಕ್ಕೆ ಧಾನ್ಯ 250 ಗ್ರಾಂ, ಬೇಳೆಕಾಳು ಮೊದಲಾದವು 85 ಗ್ರಾಂ, ಕಾಯಿಪಲ್ಲೆ 400 ಗ್ರಾಂ ಎಂದಿದೆ. ಅಂದರೆ ಧಾನ್ಯದ ಮೂರರಲ್ಲಿ ಎರಡು ಪಾಲು ಪಡಿತರದಿಂದ ದೊರೆಯಿತು. ಇದು ಸಣ್ಣ ಸಹಾಯವಲ್ಲ. ಕಾಯಿಪಲ್ಲೆಯ ಸಂಗತಿಯೇನು? ಐವರ ಮನೆಗೆ ದಿನಕ್ಕೆ 2 ಕಿಲೋ, ವಾರಕ್ಕೆ 14 ಕಿಲೋ. ವಾರಕ್ಕೊಂದೇ ಸಂತೆಯಿರುವ ಹಳ್ಳಿಯ ಗೃಹಿಣಿಯು ಹದಿನಾಲ್ಕು ಕಿಲೋ ಕಾಯಿಪಲ್ಲೆಯನ್ನು ಕೊಂಡು, ಹೊತ್ತು, ಏಳು ದಿನ ಬಾಡದಂತೆ ಇಡಬೇಕು! ಅವಳು ತರುವುದು ಮೂರು-ನಾಲ್ಕು ಕಿಲೋ. ಅದರಲ್ಲಿ ಉಳ್ಳಾಗಡ್ಡೆ, ಬಟಾಟೆಗಳೇ ಹೆಚ್ಚು, ಏಕೆಂದರೆ ಅವು ಕೆಡುವುದಿಲ್ಲ. ಸೊಪ್ಪು ಸಂತೆಯ ದಿನ ಮತ್ತು ಮರುದಿನ. ಉಳಿದ ಐದು ದಿನ ಖಾರ-ರೊಟ್ಟಿ. ಇದೇ ನಮ್ಮ ನಾಡಿನ ಆಹಾರದ ಮರುಭೂಮಿ. ಅದು ನಕ್ಷೆಯಲ್ಲಿಲ್ಲ, ವಾರದ ದಿನಗಳಲ್ಲಿದೆ.

ದೂರವು ಕಾಗದದಿಂದಲೂ ಉಂಟಾಗುತ್ತದೆ. ಕಬ್ಬಿನ ಹಂಗಾಮಿನಲ್ಲಿ ಬೀಡ ಮೊದಲಾದ ಬರದ ಜಿಲ್ಲೆಗಳಿಂದ ಬರುವ ಕಡಿಯುವವರ ಪಡಿತರ ಚೀಟಿಯು ಅವರ ಊರಿನದು. ಬೇರೆಡೆಯಲ್ಲಿಯೂ ಪಡಿತರವನ್ನು ಪಡೆಯುವ ‘ಒಂದು ರಾಷ್ಟ್ರ, ಒಂದು ಪಡಿತರ ಚೀಟಿ’ ಎಂಬ ವ್ಯವಸ್ಥೆಯು 2019ರಿಂದ ಹಂತಹಂತವಾಗಿ ಬಂದಿದೆ. ಗಡಿಯ ಆಚೆಯಿಂದ ಬಂದ ನಮ್ಮ ಜನರಿಗೂ ಇದು ಉಪಯುಕ್ತ. ಈ ಮಾಹಿತಿಯಿಲ್ಲದ ನೆರೆಹೊರೆಯವರಿಗೆ ಪಾಲಕರು ತಿಳಿಸಿ ಹೇಳಬೇಕೆಂದು ವಿನಂತಿ.

ಇನ್ನು, ಹತ್ತಿರವಿದ್ದುದೂ ಒಂದೇ ರಾತ್ರಿಯಲ್ಲಿ ದೂರವಾಗಬಲ್ಲದು. 2019ರ ಆಗಸ್ಟಿನಲ್ಲಿ ಪಂಚಗಂಗೆಯು ಉಕ್ಕಿ ಪುಣೆ-ಬೆಂಗಳೂರು ಹೆದ್ದಾರಿಯು ಕೊಲ್ಹಾಪುರದ ಬಳಿ ಹಲವು ದಿನ ಮುಚ್ಚಿದಾಗ ಸಾಲುಗಟ್ಟಿ ನಿಂತ ಲಾರಿಗಳಲ್ಲಿ ಸರಕಿತ್ತು, ಪಟ್ಟಣದಲ್ಲಿ ಹಾಲಿಗೂ ಕಾಯಿಪಲ್ಲೆಗೂ ಅಭಾವವಿತ್ತು. ಕಾಯಿಪಲ್ಲೆಯನ್ನು ಬೆಳೆದು ಎಲ್ಲರಿಗೂ ಕಳಿಸುವ ಶಿರೋಳ ತಾಲೂಕೇ ನೀರಿನಲ್ಲಿ ಮುಳುಗಿತ್ತು. 2021ರ ಜುಲೈಯಲ್ಲಿ ಮತ್ತೆ ನೆರೆ ಬಂದು ಹೆದ್ದಾರಿಯು ಮುಚ್ಚಿತು.

ಅನ್ನದ ದೂರವನ್ನು ಪೂರ್ತಿಯಾಗಿ ಅಳಿಸಿದ ಸ್ಥಳವೊಂದುಂಟು, ಅದು ಶಾಲೆ. ಪ್ರಾಥಮಿಕ ಶಾಲೆಗಳಲ್ಲಿ ಬೇಯಿಸಿದ ಊಟವನ್ನೇ ಕೊಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2001ರ ನವೆಂಬರ 28ರಂದು ಆಜ್ಞಾಪಿಸಿತು. ಮಗುವು ಅಂಗಡಿಗೆ ಹೋಗಬೇಕಿಲ್ಲ, ಚೀಟಿಯನ್ನು ತೋರಿಸಬೇಕಿಲ್ಲ; ಕುಳಿತ ಪಂಕ್ತಿಗೇ ಊಟ ಬರುತ್ತದೆ. ಶಾಲೆಯ ಹಿತ್ತಲಿನಲ್ಲಿ ಒಂದು ನುಗ್ಗೆಯ ಗಿಡ, ನಾಲ್ಕು ಮಡಿ ಮೆಂತ್ಯ-ರಾಜಗಿರಿಗಳಿದ್ದರೆ ಆ ಊಟದ ಸಾರು ಬಹಳ ಸುಧಾರಿಸುವುದು. ಮನೆಯಲ್ಲಿ ಹಿತ್ತಲಿದ್ದವರೂ ಇದನ್ನು ಮಾಡಬಹುದು. ಇಚಲಕರಂಜಿಯ ಬಾಡಿಗೆ ಕೋಣೆಗಳಲ್ಲಿರುವವರಿಗೆ ಹಿತ್ತಲೆಲ್ಲಿಯದು? ಅವರಿಗೆ ಬೇಕಾದುದು ಪಾಳಿ ಬಿಡುವ ಹೊತ್ತಿಗೆ ಓಣಿಗೇ ಬರುವ ಕಾಯಿಪಲ್ಲೆಯ ಗಾಡಿ.

ರಜೆಯಲ್ಲಿ ವಿದ್ಯಾರ್ಥಿಗಳು ಮಾಡತಕ್ಕ ಅಭ್ಯಾಸ: ನಿಮ್ಮ ಊರಿನ ಅಥವಾ ಓಣಿಯ ನಕ್ಷೆಯನ್ನು ಬರೆದು, ಅದರಲ್ಲಿ ನ್ಯಾಯಬೆಲೆಯ ಅಂಗಡಿ, ಕಿರಾಣಿ ಅಂಗಡಿ, ಹಾಲಿನ ಡೇರಿ, ಸಂತೆಯ ಬಯಲು ಇವುಗಳನ್ನು ಗುರುತಿಸಿರಿ. ಒಂದೊಂದೂ ಯಾವ ದಿನ, ಯಾವ ಹೊತ್ತಿಗೆ ತೆರೆದಿರುವುದೆಂದು ಕೇಳಿ ಬರೆಯಿರಿ. ಕಳೆದ ವಾರ ಮನೆಯಲ್ಲಿ ಎಷ್ಟು ದಿನ ಸೊಪ್ಪು ಬೇಯಿಸಿತೆಂದು ತಾಯಿಯವರನ್ನು ವಿಚಾರಿಸಿರಿ. ದೂರವನ್ನು ಕಿಲೋಮೀಟರುಗಳಲ್ಲಿ ಬರೆಯುವುದು ಬೇಡ; ತಾಯಿಯವರ ಜೊತೆಗೆ ಸಂತೆಗೆ ಹೋಗಿ, ತುಂಬಿದ ಚೀಲವನ್ನು ನೀವೇ ಹೊತ್ತುಕೊಂಡು ತಿರುಗಿ ಬಂದು, ಎಷ್ಟು ನಿಮಿಷವಾಯಿತೆಂಬುದನ್ನು ಬರೆಯಿರಿ.